ಒಳ್ಳೆ ಸೋಪು

ಹಪ್ಪಳದಷ್ಟು ತೆಳ್ಳಗೆ ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವುದೂ ಒಂದು ವಿದ್ಯೆ. ಎರಡನ್ನೂ ಚೆನ್ನಾಗಿ ನೆನೆಸಿ, ನೊರೆ ಬರುವ ತನಕ ಉಜ್ಜಿ, ಹೊಸದರ ಬೆನ್ನ ಮೇಲೆ ಹಳೆಯದನ್ನು ಕೂರಿಸಿ, ಸುತ್ತಲೂ ಹೆಬ್ಬೆರಳಿನಿಂದ ಅಂಚು ಒತ್ತಬೇಕು. ಆಮೇಲೆ ಬೆಳಗಾಗುವವರೆಗೆ ಯಾರೂ ಮುಟ್ಟಕೂಡದು. ಆತುರಕ್ಕೆ ಬಿದ್ದು ಅರ್ಧ ಗಂಟೆಯಲ್ಲೇ ಸ್ನಾನಕ್ಕೆ ಇಳಿದರೆ ಚೂರು ಜಾರಿ ಬಚ್ಚಲ ತೂಬು ಸೇರುತ್ತದೆ. ಅಮ್ಮ ಇದರಲ್ಲಿ ಪಳಗಿದವಳು. ಅವಳು ಅಂಟಿಸಿದ್ದು ಬಿಟ್ಟುಕೊಂಡಿದ್ದನ್ನು ನಾನು ಕಂಡಿಲ್ಲ.

ಈ ಉಪಚಾರ ಎಲ್ಲ ಸೋಪಿಗೂ ಸಿಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಸೋಪು ಎರಡು ಥರ: ಬರೀ ಸೋಪು ಮತ್ತು ‘ಒಳ್ಳೆ ಸೋಪು’. ಬರೀ ಸೋಪು ಎಂದರೆ ಅಪ್ಪ ಸಂತೆಯಿಂದ ತರುತ್ತಿದ್ದ, ನಮಗೂ ನಾಯಿಗೂ ಸಮನಾಗಿ ಸಲ್ಲುತ್ತಿದ್ದ ಕೆಂಪು ಸೋಪು. ಒಳ್ಳೆ ಸೋಪು ಎಂದರೆ ಮೈಸೂರು ಸ್ಯಾಂಡಲ್ ಒಂದೇ. ಯುಗಾದಿಗೆ, ನರಕ ಚತುರ್ದಶಿಗೆ, ಅಳಿಯಂದಿರು ಬಂದಾಗ ಅದಕ್ಕೆ ಬಿಡುಗಡೆ. ಹೊಸ ಸೋಪಿನ ಮೊದಲ ಸ್ನಾನ ಯಾರದು ಎಂದು ನಾವು ಮಕ್ಕಳು ಹೊಡೆದಾಡುತ್ತಿದ್ದೆವು. ಕಾರಣ ಇಷ್ಟೆ: ಅದರ ಮೇಲಿನ ಅಕ್ಷರಗಳು ಮೊದಲು ಹೋದವರ ಅಂಗೈಗೆ ಮಾತ್ರ ತಾಗುತ್ತಿದ್ದವು. ಮೂರನೆಯವರ ಸರದಿ ಬರುವಷ್ಟರಲ್ಲಿ ಅಕ್ಷರ ಮಾಸಿ ಸೋಪು ನುಣ್ಣಗಾಗಿರುತ್ತಿತ್ತು.

ಬಿಸಿನೀರಿನ ಹಬೆಯ ಜೊತೆ ಆ ಗಂಧ ಏಳುವ ಗಳಿಗೆ ಇದೆಯಲ್ಲ, ಅದಕ್ಕಿಂತ ದೊಡ್ಡ ಸುಖ ಬೇಕೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಬ್ಯಾಂಕಿನ ಕಂತು, ಮೇಲಧಿಕಾರಿಯ ಮೋರೆ ಎಲ್ಲವೂ ಹತ್ತು ನಿಮಿಷ ಬಾಗಿಲಾಚೆ ನಿಂತಿರುತ್ತವೆ. ಆದರೆ ಈ ಹತ್ತು ನಿಮಿಷದ ಹಿಂದೆ ಒಂದು ಮಹಾಯುದ್ಧವೇ ಇದೆ ಎಂದು ತಿಳಿದದ್ದು ಬಹಳ ತಡವಾಗಿ.

ಮೊದಲು ಮೈಸೂರಿನ ಗಂಧದ ಕೊರಡು ಹಡಗು ಹತ್ತಿ ಯುರೋಪಿಗೆ, ಅದರಲ್ಲೂ ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ಕೆಲಸವೆಲ್ಲ ಅಲ್ಲಿಯದು. ಮರ ನಮ್ಮದು, ಲಾಭ ಅವರದು. 1914ರಲ್ಲಿ ಯುದ್ಧ ಶುರುವಾಗಿ ಹಡಗುಗಳು ನಿಂತಾಗ ಕೊರಡು ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ದಿವಾನರು ವಿಶ್ವೇಶ್ವರಯ್ಯ. ಬಿದ್ದ ಕೊರಡನ್ನು ನೋಡುತ್ತ ಕೂರುವ ಜನ ಅವರಲ್ಲ. ಬೆಂಗಳೂರಿನ ಟಾಟಾ ಇನ್ಸ್ಟಿಟ್ಯೂಟಿನಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರದ ಪ್ರೊಫೆಸರುಗಳು ಗಂಧದೆಣ್ಣೆ ಬಟ್ಟಿ ಇಳಿಸುವ ಬಗೆಯನ್ನು ಸಾಧಿಸಿಕೊಟ್ಟರು. ಎಣ್ಣೆ ಕೈಗೆ ಬಂತು; ಬೆಂಗಳೂರಿನಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆಯೂ ಎದ್ದಿತು. ಜರ್ಮನಿಯ ಕೈಸರ್ ಸುಮ್ಮನಿದ್ದಿದ್ದರೆ ನನ್ನ ಸ್ನಾನ ಕೆಂಪು ಸೋಪಿನಲ್ಲೇ ಮುಗಿಯುತ್ತಿತ್ತೋ ಏನೋ.

ಎಣ್ಣೆಯನ್ನು ಸೋಪಿಗೆ ಇಳಿಸಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಸಾಬೂನಿನ ವಿದ್ಯೆ ಕಲಿಯಲು ಅವರನ್ನು ಲಂಡನ್ನಿಗೆ ಕಳಿಸಿದ್ದರು. ‘ಸೋಪು ಶಾಸ್ತ್ರಿ’ ಎಂದೇ ಅವರು ಹೆಸರಾದರು. ನನಗೆ ಅವರ ಮೇಲೆ ಇರುವ ಭಕ್ತಿ ಗಂಧಕ್ಕಾಗಿ ಮಾತ್ರ ಬಂದದ್ದಲ್ಲ. ಮಿಕ್ಕ ಸೋಪುಗಳೆಲ್ಲ ಚೌಕಾಕಾರದಲ್ಲಿದ್ದ ಕಾಲದಲ್ಲಿ ಅವರು ಇದನ್ನು ಅಂಡಾಕಾರಕ್ಕೆ ತಂದರು. ಪೆಟ್ಟಿಗೆ ಒಡವೆಯ ಪೆಟ್ಟಿಗೆಯ ಹಾಗೆ ಇರಬೇಕು ಎಂದರು. ಆನೆಯ ತಲೆ, ಸಿಂಹದ ಮೈ ಇರುವ ಶರಭವನ್ನು ಗುರುತಾಗಿ ಕೊಟ್ಟರು. ಕರಗಿ ಹೋಗುವ ವಸ್ತುವಿಗೆ ಇಷ್ಟೊಂದು ಯಾಕೆ ಎಂದು ಯಾರಾದರೂ ಕೇಳಿರಲೇಬೇಕು. ಕೇಳಿದವರ ಮಾತನ್ನು ಶಾಸ್ತ್ರಿಗಳು ಕಿವಿಗೆ ಹಾಕಿಕೊಳ್ಳಲಿಲ್ಲ, ನಮ್ಮ ಪುಣ್ಯ.

ನಮ್ಮಜ್ಜಿಗೆ ಸೋಪೆಂದರೆ ಅನುಮಾನ. ಅದರಲ್ಲಿ ಏನೇನು ಕೊಬ್ಬು ಸೇರಿದೆಯೋ ಎಂದು ಕಡೆಯವರೆಗೂ ಸೀಗೆಪುಡಿ, ಕಡ್ಲೆಹಿಟ್ಟಿನಲ್ಲೇ ಮಿಂದವಳು. ಆದರೆ ಸ್ಯಾಂಡಲ್ ಸೋಪಿಗೆ ಮಾತ್ರ ವಿನಾಯಿತಿ. “ಅದು ಮಹಾರಾಜರ ಸೋಪು ಕಣೋ, ಅದಕ್ಕೆ ಮೈಲಿಗೆ ಎಲ್ಲಿಂದ ಬರ್ಬೇಕು?” ಎನ್ನುತ್ತಿದ್ದಳು. ಮಹಾರಾಜರು ಹೋಗಿ, ಸರ್ಕಾರ ಬಂದು, ಕಾರ್ಖಾನೆ 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಕಂಪನಿಯಾದರೂ ಅಜ್ಜಿಯ ಲೆಕ್ಕ ಬದಲಾಗಲಿಲ್ಲ.

ತಾತನಿಗೆ ಗಂಧದ ನಂಟು ಇನ್ನೊಂದು ಥರ. ನಮ್ಮ ತೋಟದ ಬೇಲಿಯಲ್ಲಿ ಹೊಂಗೆಮರದ ಪಕ್ಕ ಒಂದು ಗಂಧದ ಮರ ತಾನಾಗಿ ಹುಟ್ಟಿಕೊಂಡಿತ್ತು. ಗಂಧದ ಬೇರು ನೆರೆಯ ಗಿಡದ ಬೇರಿಗೆ ಬಾಯಿಟ್ಟು ಆಹಾರ ಹೀರುತ್ತದೆ, ಹಾಗಾಗಿ ಹೊಂಗೆ ಸೊರಗಿ ಗಂಧ ಸೊಂಪಾಗಿತ್ತು. ಅದನ್ನು ಕಂಡು ಊರವರಿಗೆ ಹೊಟ್ಟೆಯುರಿ, ತಾತನಿಗೆ ತಲೆನೋವು. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷ ಎಂದು ಸಾರಿದ ಮೇಲೆ, ಯಾರ ಹೊಲದಲ್ಲಿದ್ದರೂ ಮರ ಸರ್ಕಾರದ್ದೇ. ಬೆಳೆದವನೇ ಒಡೆಯ ಎಂದು ಕರ್ನಾಟಕದ ಕಾನೂನು ಒಪ್ಪಿದ್ದು 2001ರಲ್ಲಿ. ಅಲ್ಲಿಯವರೆಗೆ ನೆಲ ನಮ್ಮದು, ನೀರು ನಮ್ಮದು, ಕಾವಲೂ ನಮ್ಮದು. ಕಳುವಾದರೆ ಜವಾಬು ಹೇಳಬೇಕಾದವರೂ ನಾವೇ. ಒಂದು ಅಮಾವಾಸ್ಯೆಯ ರಾತ್ರಿ ಕಳ್ಳರು ಅದನ್ನು ಗರಗಸದಲ್ಲಿ ಕೊಯ್ದು ಬುಡವನ್ನೂ ಬಿಡದೆ ಹೊತ್ತೊಯ್ದರು. ತಾತ ಗುಂಡಿಯ ಮುಂದೆ ಸ್ವಲ್ಪ ಹೊತ್ತು ನಿಂತು, “ಸದ್ಯ, ಇನ್ಮೇಲೆ ನಿದ್ದೆ ಮಾಡಬಹುದು” ಎಂದರು. ಮಾರನೆ ವರ್ಷ ಹೊಂಗೆ ಚಿಗುರಿತು. ಮನೆಯಲ್ಲಿ ಗಂಧ ಎಂದರೆ ಸೋಪು ಮಾತ್ರ ಉಳಿಯಿತು.

ಈಗ ನನ್ನ ಸಂಬಳಕ್ಕೆ ತಿಂಗಳಿಗೆ ನಾಲ್ಕು ಒಳ್ಳೆ ಸೋಪು ಹೊರೆಯಲ್ಲ. ಇದೇ ಕಂಪನಿ 2012ರಲ್ಲಿ ಮಿಲೇನಿಯಂ ಎಂಬ ಹೆಸರಿನಲ್ಲಿ 720 ರೂಪಾಯಿಯ ಸೋಪನ್ನೂ ಮಾರುಕಟ್ಟೆಗೆ ತಂದಿತು. ಗೆಳೆಯನೊಬ್ಬ ಮನೆ ಒಕ್ಕಲಿಗೆ ಅದನ್ನೇ ಉಡುಗೊರೆ ಕೊಟ್ಟ. ಸ್ನಾನಕ್ಕೆ ಕೂತರೆ ಒಂದೊಂದು ಸಲ ಉಜ್ಜಿದ್ದಕ್ಕೂ ಎಷ್ಟು ರೂಪಾಯಿ ಕರಗಿತು ಎಂಬ ಲೆಕ್ಕವೇ ತಲೆಯಲ್ಲಿ. ಸ್ನಾನ ಮುಗಿಯಿತು, ಸುಖ ಬರಲಿಲ್ಲ. ದುಡ್ಡು ನೆನಪಾಗುವಷ್ಟು ದುಬಾರಿಯಾದ ಸೋಪು ಬಚ್ಚಲಿಗೆ ಬರಬಾರದು ಎಂಬುದು ನನ್ನ ಖಂಡಿತ ಅಭಿಪ್ರಾಯ. ನನಗೆ ಕಿರಾಣಿ ಅಂಗಡಿಯ ಮಾಮೂಲಿ ಪೆಟ್ಟಿಗೆಯೇ ಸರಿ.

ಎತ್ತಿಡದೆ ದಿನವೂ ಬಳಸು ಎಂದು ಅಮ್ಮನಿಗೂ ಹೇಳುತ್ತೇನೆ, ಅವಳು ಕೇಳುವುದಿಲ್ಲ. ನಾನು ಕೊಟ್ಟ ಸೋಪುಗಳೆಲ್ಲ ಬೀರುವಿನಲ್ಲಿ ರೇಷ್ಮೆ ಸೀರೆಗಳ ಮಡಿಕೆಯಲ್ಲಿವೆ. “ಇರ್ಲಿ ಬಿಡೋ, ನೆಂಟರು ಬಂದಾಗ ಆಗುತ್ತೆ.” ಈಗ ಬರುವ ನೆಂಟರು ಬ್ಯಾಗಿನಲ್ಲಿ ತಮ್ಮದೇ ಬಾಡಿ ವಾಷ್ ತಂದು, ಊಟ ಮಾಡಿ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾರೆ. ಪೆಟ್ಟಿಗೆಯಲ್ಲಿಟ್ಟರೂ ಗಂಧ ಆರುತ್ತದೆ, ಸೋಪು ಒಣಗಿ ಬಿರುಕು ಬಿಡುತ್ತದೆ. ನಿಮ್ಮ ಮನೆಯಲ್ಲೂ ಹೀಗೆ ಎತ್ತಿಟ್ಟ ಒಂದೆರಡು ಇದ್ದೇ ಇರುತ್ತವೆ, ನನಗೆ ಗೊತ್ತು. ಹಬ್ಬ ಬರಲೆಂದು ಕಾಯಬೇಡಿ, ನಾಳೆ ಬೆಳಿಗ್ಗೆಯೇ ಒಂದನ್ನು ಬಿಚ್ಚಿ.