ಮುಚ್ಚಳವಿಲ್ಲದ ಪೆಟ್ಟಿಗೆ

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಓದಿದ ಯಾರನ್ನಾದರೂ ಹಿಡಿದು ಕೇಳಿ ನೋಡಿ, ಒಂದು ಪೆಟ್ಟಿಗೆಯನ್ನಂತೂ ಮಾಡಿಯೇ ಇರುತ್ತಾರೆ. ಸಿವಿಲ್‌ನವರು, ಮೆಕ್ಯಾನಿಕಲ್‌ನವರು, ಜನ್ಮದಲ್ಲಿ ಸುತ್ತಿಗೆ ಮುಟ್ಟದ ಕಂಪ್ಯೂಟರ್ ಸೈನ್ಸ್‌ನವರು, ಯಾರಿಗೂ ವಿನಾಯಿತಿ ಇಲ್ಲ. ಪೆಟ್ಟಿಗೆಗೆ ಮುಚ್ಚಳ ಇರಕೂಡದು. ಒಳಗೆ 32 ಘನ ಅಡಿ ಹಿಡಿಸಬೇಕು. ತಗಡು ಆದಷ್ಟೂ ಕಡಿಮೆ ಸಾಕಾಗಬೇಕು. ಹಾಗಾದರೆ ಉದ್ದ, ಅಗಲ, ಎತ್ತರ ಎಷ್ಟೆಷ್ಟು? ಉದ್ದ 4 ಅಡಿ, ಅಗಲ 4 ಅಡಿ, ಎತ್ತರ 2 ಅಡಿ. ತಗಡು 48 ಚದರ ಅಡಿ. ತಲೆಮಾರುಗಳಿಂದ ಹುಡುಗರು ಈ ಪೆಟ್ಟಿಗೆ ಮಾಡುತ್ತಲೇ ಬಂದಿದ್ದಾರೆ. ಅದರಲ್ಲಿ ಏನು ತುಂಬುತ್ತಾರೆ, ಮಳೆ ಬಂದರೆ ಗತಿಯೇನು ಎಂದು ಒಬ್ಬನೂ ಕೇಳಿದ್ದಿಲ್ಲ. ನನಗೆ ಮಾತ್ರ ಆ ಮುಚ್ಚಳದ ಮೇಲೆ ಮೊದಲಿನಿಂದಲೂ ಅನುಮಾನ. ಮುಚ್ಚಳ ಹಾಕಿ ಲೆಕ್ಕ ಮಾಡಿದರೆ ಪೆಟ್ಟಿಗೆ ಎಲ್ಲ ಕಡೆ ಸಮನಾದ ಘನವಾಗಿಬಿಡುತ್ತದೆ, ಒಂದೊಂದು ಬದಿ 3.17 ಅಡಿ ಚಿಲ್ಲರೆ. ಆ ಚಿಲ್ಲರೆ ನೋಡಿದರೆ ಬರೆಯುವವರಿಗೂ ಕಸಿವಿಸಿ, ಪೇಪರ್ ತಿದ್ದುವವರಿಗೂ ಕಸಿವಿಸಿ. ಮುಚ್ಚಳ ತೆಗೆದರೆ ಎಲ್ಲ ಪೂರ್ಣಾಂಕ. ಯಾರೋ ಪುಣ್ಯಾತ್ಮ ಅದಕ್ಕೇ ತೆಗೆದಿರಬೇಕು ಅಂತ ನನ್ನ ಊಹೆ.

ಈಗ ನನ್ನ ತಂಗಿಯ ಮಗಳು ಪೆಟ್ಟಿಗೆ ಮಾಡುವ ವಯಸ್ಸಿಗೆ ಬಂದಿದ್ದಾಳೆ. ಬೆಂಗಳೂರಿನಲ್ಲಿ ಮೊದಲ ವರ್ಷದ ಬಿ.ಇ. ಹಾಸ್ಟೆಲ್ ಊಟ ಸೇರುವುದಿಲ್ಲವೆಂದು ಶನಿವಾರ ಬಂತೆಂದರೆ ನಮ್ಮ ಮನೆಗೆ ಹಾಜರು. ಒಂದು ಚೀಲದಲ್ಲಿ ಬಟ್ಟೆ, ಇನ್ನೊಂದರಲ್ಲಿ ಗಣಿತ. ಬಟ್ಟೆ ವಾಷಿಂಗ್ ಮೆಷಿನ್ನಿಗೆ, ಗಣಿತ ನನಗೆ. ಸಿಲಬಸ್ಸಿನ ಸ್ಕೀಮು ಬದಲಾದಾಗಲೆಲ್ಲ ಗಣಿತದ ಅಧ್ಯಾಯಗಳು ಎಮ್-ಒನ್‌ನಿಂದ ಎಮ್-ಟುಗೂ ಎಮ್-ಟುನಿಂದ ಎಮ್-ಒನ್‌ಗೂ ವರ್ಗವಾಗುತ್ತಿರುತ್ತವೆ. ಅಧ್ಯಾಯಗಳು ಮಾತ್ರ ಅವೇ. ನಾವು ಕೊಂಡಿದ್ದ, ಸಾವಿರ ಪುಟ ಮೀರಿದ ಗ್ರೆವಾಲ್ ಪುಸ್ತಕ ಅವಳ ಚೀಲದಲ್ಲಿಯೂ ಇದೆ. ನಮ್ಮ ಕಾಲದಲ್ಲಿ ಅದನ್ನು ತಲೆದಿಂಬಿಗೂ ಬಳಸುತ್ತಿದ್ದೆವು. ಇವಳು ಫೋನಿನಲ್ಲಿ ಪಿಡಿಎಫ್ ನೋಡುತ್ತಾಳೆ, ಪುಸ್ತಕವನ್ನು ಹೊತ್ತು ಮಾತ್ರ ತರುತ್ತಾಳೆ.

ಪಿಯುಸಿವರೆಗೆ ಕ್ಯಾಲ್ಕುಲಸ್‌ನಲ್ಲಿ ಒಂದೇ ಚರ. ಎಕ್ಸ್ ಬದಲಾದರೆ ವೈ ಬದಲಾಗುತ್ತದೆ, ಅಷ್ಟಕ್ಕೆ ಸುಖ. ಲೋಕ ಹಾಗಿಲ್ಲ ಎನ್ನುವುದು ಗೊತ್ತಾಗುವುದು ಕಾಲೇಜಿಗೆ ಬಂದ ಮೇಲೆ, ಗಣಿತದಲ್ಲೂ. ಏಪ್ರಿಲ್ ತಿಂಗಳಲ್ಲಿ ಮಂಗಳೂರಿನ 33 ಡಿಗ್ರಿಯಲ್ಲಿ ನಿಂತವನಿಗೆ ಅಂಗಿ ಬೆನ್ನಿಗೆ ಅಂಟಿಕೊಂಡು ಜೀವ ಸಾಕಾಗಿರುತ್ತದೆ. ಕಲಬುರಗಿಯ 40 ಡಿಗ್ರಿಯಲ್ಲಿ ತುಟಿ ಒಡೆಯುತ್ತದೆ, ಆದರೆ ನೆರಳಿಗೆ ಹೋದರೆ ಕೊಂಚ ಹಾಯೆನಿಸುತ್ತದೆ. ಮೈಗಾಗುವ ಸೆಕೆ ಉಷ್ಣಾಂಶವೊಂದನ್ನೇ ನಂಬಿಕೊಂಡಿಲ್ಲ, ಗಾಳಿಯ ತೇವವೂ ಅದರಲ್ಲಿ ಪಾಲುದಾರ. ತೇವ ಇದ್ದಷ್ಟೇ ಇರಲಿ, ಉಷ್ಣಾಂಶ ಮಾತ್ರ ಒಂದು ಡಿಗ್ರಿ ಏರಲಿ, ಆಗ ಸೆಕೆ ಎಷ್ಟು ಏರೀತು? ಈ ಪ್ರಶ್ನೆಗೆ ಸಿಗುವ ಉತ್ತರವೇ ಪಾರ್ಶಿಯಲ್ ಡೆರಿವೇಟಿವ್. ತೇವ ನಿಮ್ಮ ಮಾತು ಕೇಳಿಕೊಂಡು ಇದ್ದಲ್ಲೇ ಇರುತ್ತದೆಯೇ ಅಂದರೆ, ಇಲ್ಲ. ಆದರೂ ಸದ್ಯಕ್ಕೆ ಇರುತ್ತದೆ ಅಂದುಕೊಳ್ಳಿ ಎನ್ನುತ್ತದೆ ಗಣಿತ. ಸೈಟ್ ಮಾರುವ ಬ್ರೋಕರುಗಳು "ಬಾಕಿ ಎಲ್ಲ ಹೀಗೇ ಇದ್ರೆ ಐದು ವರ್ಷಕ್ಕೆ ಡಬಲ್ ಸಾರ್" ಅನ್ನುತ್ತಾರಲ್ಲ, ಅವರೂ ಪಾರ್ಶಿಯಲ್ ಡೆರಿವೇಟಿವ್ ತೆಗೆಯುವವರೇ. ಗಣಿತದವರು ಮುಂದಿನ ಪುಟದಲ್ಲಿ ಟೋಟಲ್ ಡೆರಿವೇಟಿವ್ ತಂದು ಬಾಕಿ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಬ್ರೋಕರು ಮುಂದಿನ ಪುಟಕ್ಕೆ ಹೋಗುವುದಿಲ್ಲ.

ಪಾರ್ಶಿಯಲ್ ಡೆರಿವೇಟಿವ್ ಬರೆಯಲು ಬಳಸುವ ಆ ಬೆನ್ನು ಬಾಗಿದ ಡಿ ಅಕ್ಷರವನ್ನು ನಮ್ಮ ಮೇಷ್ಟರುಗಳೆಲ್ಲ "ಡೋ" ಅನ್ನುತ್ತಿದ್ದರು. ಡೋ ಯು ಬೈ ಡೋ ಎಕ್ಸ್. ಅದನ್ನು ಈ ಅರ್ಥದಲ್ಲಿ ಬರೆದವನು ಫ್ರಾನ್ಸಿನ ಲೆಜಾಂಡ್ರ್, 1786ರಲ್ಲಿ. ಬರೆದು, ಆಮೇಲೆ ತಾನೇ ಕೈಬಿಟ್ಟ. 1841ರಲ್ಲಿ ಜರ್ಮನಿಯ ಯಾಕೋಬಿ ಮತ್ತೆ ಹಿಡಿದು ಚಾಲ್ತಿಗೆ ತಂದ. ನಡುವೆ 55 ವರ್ಷ ಆ ಅಕ್ಷರ ಹೆಚ್ಚುಕಡಿಮೆ ಮೂಲೆಯಲ್ಲಿತ್ತು. ಯಾಕೋಬಿ ಸುಮ್ಮನಿದ್ದಿದ್ದರೆ ನಮಗೆ ಒಂದು ಅಕ್ಷರವಾದರೂ ಉಳಿಯುತ್ತಿತ್ತು ಎಂದು ನನ್ನ ಹಾಸ್ಟೆಲ್ ಗೆಳೆಯರು ಶಪಿಸುತ್ತಿದ್ದರು. ಆಯಪ್ಪ ತನ್ನ ಹೆಸರಿನ ಜಾಕೋಬಿಯನ್ ಅನ್ನೂ ನಮ್ಮ ತಲೆಗೆ ಕಟ್ಟಿದ್ದ.

ಮೂಲೆ ಅಂದೆನಲ್ಲ, ನಮ್ಮ ಟ್ಯೂಷನ್ ಮೇಷ್ಟರ ಮನೆಯ ಮೂಲೆಯ ಸಂಗತಿ ಹೇಳಲೇಬೇಕು. ಹಳೆಯ ಹೆಂಚಿನ ಮನೆ, ರೆಡ್ ಆಕ್ಸೈಡ್ ನೆಲ, ಸುಣ್ಣದ ಗೋಡೆ. ಎರಡು ಗೋಡೆಯೂ ನೆಲವೂ ಸೇರುವ ಮೂಲೆಗೆ ಬೆರಳು ಮಾಡಿ "ಅದು ಒರಿಜಿನ್ನು" ಅನ್ನುತ್ತಿದ್ದರು. ಎಕ್ಸ್ ಈ ಗೋಡೆಯ ಬುಡ, ವೈ ಆ ಗೋಡೆಯ ಬುಡ, ಝಡ್ ಮೇಲಕ್ಕೆ. ಮೂಲೆಗೆ ಅವರ ಕೊಡೆ ಊರಿರುತ್ತಿತ್ತು, ಹಿಡಿ ನಮ್ಮ ಕಡೆ ವಾಲಿಕೊಂಡು. ಅದು ವೆಕ್ಟರ್. ಟಾರ್ಚ್ ಹಿಡಿದು ಕೊಡೆಯ ನೆರಳನ್ನು ಒಂದು ಸಲ ಒಂದು ಗೋಡೆಗೆ, ಇನ್ನೊಂದು ಸಲ ಇನ್ನೊಂದು ಗೋಡೆಗೆ ಬೀಳಿಸಿ ತೋರಿಸುವರು. ಮಳೆಗಾಲದಲ್ಲಿ ಮನೆಯವರು ಯಾರಾದರೂ ಕೊಡೆ ತೆಗೆದುಕೊಂಡು ಹೋದರೆ "ಈವತ್ತು ವೆಕ್ಟರ್ ಇಲ್ಲ, ಇಂಟಿಗ್ರಲ್ ಮಾಡೋಣ" ಎಂದು ಪಾಠ ಬದಲಿಸುತ್ತಿದ್ದರು. ಕಾಲೇಜಿನ ಪಾಠದಲ್ಲಿ ಕೊಡೆಯೂ ಇರಲಿಲ್ಲ, ಮೂಲೆಯೂ ಇರಲಿಲ್ಲ. ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ನೋಟ್ಸು ಇಳಿಯುತ್ತಿತ್ತು. ಟ್ಯಾನ್ ಇನ್ವರ್ಸ್ ಒಂದನ್ನು ಕೊಟ್ಟು, ಆಯ್ಲರನ ಪ್ರಮೇಯ ಹಚ್ಚಿ, ಕೊನೆಗೆ ಸೈನ್ ಟು ಯು ಬರುತ್ತದೆಂದು ಸಾಧಿಸಿ ಅನ್ನುತ್ತಿದ್ದರು. ನಾವು ಸಾಧಿಸುತ್ತಿದ್ದೆವು. ಯಾವ ಪುರುಷಾರ್ಥ ಸಾಧಿಸಿದೆವು ಅನ್ನುವುದು ಬೇರೆ ಮಾತು.

ನನ್ನ ತಕರಾರು ಇರುವುದೇ ಇಲ್ಲಿ. ಈ ವಿಷಯದ ಅರ್ಧ ಭಾಗ ಕಣ್ಣಿನಲ್ಲಿದೆ. ಕಣ್ಣು ಕಟ್ಟಿ ಕಲಿಸಿದರೆ ಉಳಿಯುವುದು ಬಾಯಿಪಾಠ.

ಹೋದ ಶನಿವಾರದ ಲೆಕ್ಕವನ್ನೇ ತೆಗೆದುಕೊಳ್ಳಿ. ಡಬಲ್ ಇಂಟಿಗ್ರಲ್, ಹಳೆಯ ಪೇಪರುಗಳಲ್ಲಿ ಸವೆದುಹೋದದ್ದು. ಒಳಗಿರುವುದು ಇ ಪವರ್ ಮೈನಸ್ ವೈ, ಕೆಳಗೆ ವೈ. ವೈ ಹೊರಡುವುದು ಎಕ್ಸ್‌ನಿಂದ, ಹೋಗುವುದು ಇನ್ಫಿನಿಟಿಗೆ. ಎಕ್ಸ್ ಸೊನ್ನೆಯಿಂದ ಇನ್ಫಿನಿಟಿಗೆ. ಹುಡುಗಿ ಬೈ ಪಾರ್ಟ್ಸ್ ಹಾಕಿದಳು, ಲೆಕ್ಕ ಮುಗಿಯುವ ಬದಲು ಬೆಳೆಯಿತು. ಮತ್ತೊಂದು ಸಲ ಹಾಕಿದಳು, ಇನ್ನಷ್ಟು ಬೆಳೆಯಿತು.

"ಮೊದಲು ಚಿತ್ರ ಬರಿ ಪುಟ್ಟಿ" ಅಂದೆ.

"ಚಿತ್ರಕ್ಕೆ ಒಂದೇ ಮಾರ್ಕು ಮಾಮ."

"ಒಂದಾದರೂ ಬರಲಿ, ಬರಿ."

ಎರಡು ಅಕ್ಷ ಎಳೆದಳು. ವೈ ಮತ್ತು ಎಕ್ಸ್ ಸಮ ಇರುವ ಓರೆ ಗೆರೆ ಎಳೆದಳು. ಆ ಗೆರೆಗೂ ನಿಂತ ಅಕ್ಷಕ್ಕೂ ನಡುವೆ ಮೇಲಕ್ಕೆ ಕೊನೆಯಿಲ್ಲದೆ ಹಬ್ಬಿರುವುದೇ ನಮ್ಮ ಜಾಗ. ಪುಸ್ತಕದ ಪ್ರಕಾರ ಅದನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಬೇಕು: ಪ್ರತಿ ಪಟ್ಟಿಯೂ ಓರೆ ಗೆರೆಯಿಂದ ಹೊರಟು ಆಕಾಶಕ್ಕೆ. ಹಾಗೆ ಸೀಳಿದರೆ ಮೊದಲ ಪಟ್ಟಿಯಲ್ಲೇ ಸಿಕ್ಕಿಬೀಳುತ್ತೇವೆ. ವೈ ಕೆಳಗಿರುವ ಆ ಉತ್ಪನ್ನವನ್ನು ನಮಗೆ ಗೊತ್ತಿರುವ ಸೂತ್ರಗಳಲ್ಲಿ ಇಂಟಿಗ್ರೇಟ್ ಮಾಡಲು ಬರುವುದೇ ಇಲ್ಲ. ಅದೇ ಜಾಗವನ್ನು ಅಡ್ಡಡ್ಡ ಸೀಳಿ ನೋಡು ಅಂದೆ. ಪೆನ್ಸಿಲ್ ಅಡ್ಡ ಇಟ್ಟಳು. ಪಟ್ಟಿ ನಿಂತ ಅಕ್ಷದಿಂದ ಹೊರಟು ಓರೆ ಗೆರೆಗೆ ಮುಟ್ಟಿ ನಿಂತಿತು. ಅದರ ಉದ್ದ ಎಷ್ಟು? ಸರಿಯಾಗಿ ವೈ. ಪಟ್ಟಿಯ ಉದ್ದಕ್ಕೂ ವೈ ಬದಲಾಗುವುದಿಲ್ಲವಾದ್ದರಿಂದ ಒಳಗಿನ ಲೆಕ್ಕವೆಂದರೆ ಬರೀ ಗುಣಾಕಾರ. ಮೇಲೆ ಬಂದ ವೈ ಕೆಳಗೆ ಕಾಡುತ್ತಿದ್ದ ವೈಯನ್ನು ಹೊಡೆದುಹಾಕಿತು. ಉಳಿದದ್ದು ಬರೀ ಇ ಪವರ್ ಮೈನಸ್ ವೈ, ಸೊನ್ನೆಯಿಂದ ಇನ್ಫಿನಿಟಿವರೆಗೆ. ಅದನ್ನು ಪಿಯುಸಿ ಹುಡುಗರೂ ಮಾಡುತ್ತಾರೆ. ಉತ್ತರ ಒಂದು. ಆಕಾಶದವರೆಗೆ ಹಬ್ಬಿದ ಜಾಗ, ಉತ್ತರ ಬರೀ ಒಂದು!

"ಇಷ್ಟೇನಾ?" ಅಂದಳು. ಅಲ್ಲಿಗೆ ಬೆಳಗಿನಿಂದ ಕೂತದ್ದು ನನಗೆ ಸಾರ್ಥಕವಾಯಿತು. ನಾವು ಓದುವಾಗ ಇದೇ ಲೆಕ್ಕಕ್ಕೆ "ಬೈ ಚೇಂಜಿಂಗ್ ದಿ ಆರ್ಡರ್" ಎಂದು ಬರೆದು ಮುಂದಿನ ಸಾಲಿನಲ್ಲಿ ಹೊಸ ಲಿಮಿಟ್ಸು ಇಳಿಸುತ್ತಿದ್ದರು. ಆ ಲಿಮಿಟ್ಸು ಎಲ್ಲಿಂದ ಬಂದವು ಎಂದು ಕೇಳಿದವರಿಗೆ ಸಿಗುತ್ತಿದ್ದುದು "ಪೋರ್ಷನ್ ಮುಗಿಸಬೇಕಪ್ಪಾ" ಎಂಬ ಉತ್ತರ. ಯಾವ ಲೆಕ್ಕಕ್ಕೆ ಯಾವ ಲಿಮಿಟ್ಸು ಎಂದು ಉರು ಹೊಡೆದೇ ಬ್ಲೂ ಬುಕ್ ತುಂಬಿಸಿದವರು ನಾವು.

ಪೋಲಾರ್‌ಗೆ ಹೋದಾಗ ಎಲ್ಲಿಂದಲೋ ಬಂದು ಸೇರುವ ಆ ಒಂದು ಆರ್ ಕೂಡ ಹೀಗೇ. ಡಿ ಎಕ್ಸ್ ಡಿ ವೈ ಇದ್ದಲ್ಲಿ ಆರ್ ಡಿ ಆರ್ ಡಿ ಥೀಟಾ ಬರೆಯಬೇಕು; ಮರೆತರೆ ಮಾರ್ಕು ಹೋಯಿತು. ಯಾಕೆ ಬಂತು? ಕೇಂದ್ರದಿಂದ ದೂರ ಹೋದಷ್ಟೂ ಅದೇ ಕೋನಕ್ಕೆ ಸಿಗುವ ಕಂಸ ಉದ್ದವಾಗುತ್ತದೆ, ತುಂಡಿನ ವಿಸ್ತೀರ್ಣವೂ ಆ ಪ್ರಮಾಣದಲ್ಲಿ ಬೆಳೆಯುತ್ತದೆ. ಅಷ್ಟೇ ಕಾರಣ. ಕಾಟ ಕೊಡುವ ಇದೇ ಆರ್ ಒಂದು ಕಡೆ ಆಪದ್ಬಾಂಧವನೂ ಹೌದು. ಸಂಖ್ಯಾಶಾಸ್ತ್ರದವರ ಗಂಟೆಯಾಕಾರದ ವಕ್ರರೇಖೆಯ, ಅಂದರೆ ಇ ಪವರ್ ಮೈನಸ್ ಎಕ್ಸ್ ಸ್ಕ್ವೇರ್ ಎಂಬುದರ, ಕೆಳಗಿನ ವಿಸ್ತೀರ್ಣವನ್ನು ಒಂದು ಚರದಲ್ಲಿ ನೇರವಾಗಿ ತೆಗೆಯಲು ಹೋದರೆ ಗೋಡೆಗೆ ಹಣೆ ಚಚ್ಚಿಕೊಂಡಂತೆಯೇ. ಅದನ್ನು ಅದರಿಂದಲೇ ಗುಣಿಸಿ, ಎರಡು ಚರ ಮಾಡಿಕೊಂಡು, ಪೋಲಾರ್‌ಗೆ ಹಾರಿದರೆ ಆ ಆರ್ ಬಂದು ಸೇರಿಕೊಂಡು ಲೆಕ್ಕ ಎರಡು ಸಾಲಿನಲ್ಲಿ ಮುಗಿಯುತ್ತದೆ. ಉತ್ತರ ಪೈನ ವರ್ಗಮೂಲ. ವೃತ್ತದ ಸುಳಿವೇ ಇಲ್ಲದ ಕಡೆ ಪೈ ಎದ್ದು ಬರುವುದನ್ನು ನೋಡಿದ ರಾತ್ರಿ ನನಗೆ ನಿದ್ದೆ ತಡವಾಗಿ ಬಂತು.

ಇನ್ನು ಬೆಟ್ಟ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಕಂದು ಬಣ್ಣದ ಸಣ್ಣ ಗೆರೆಗಳಿರುತ್ತವಲ್ಲ, ಕಾಂಟೂರ್. ಒಂದೊಂದು ಗೆರೆಗೂ ಸಾಮಾನ್ಯವಾಗಿ 20 ಮೀಟರ್ ಎತ್ತರದ ಅಂತರ. ಮುಳ್ಳಯ್ಯನಗಿರಿಯ ಸುತ್ತ ಅವು ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿರುತ್ತವೆ, ಬಯಲಿಗಿಳಿದರೆ ಸಡಿಲ. ಒತ್ತಾಗಿದ್ದಲ್ಲಿ ಏರು ಜಾಸ್ತಿ. ಗೆರೆಗೆ ನೇರ ಲಂಬವಾಗಿ ಹತ್ತಿದರೆ ಅತಿ ಕಡಿದಾದ ದಾರಿ, ಅದೇ ಗ್ರೇಡಿಯೆಂಟ್. ಮಳೆನೀರು ಅದರ ತಿರುಗುಮುರುಗು ದಿಕ್ಕಿನಲ್ಲಿ ಓಡುತ್ತದೆ, ಮಣ್ಣನ್ನೂ ಕೊಚ್ಚಿಕೊಂಡು. ಅದಕ್ಕೇ ತಿಳಿದ ರೈತರು ಇಳಿಜಾರಿಗೆ ಅಡ್ಡಲಾಗಿ ಉಳುತ್ತಾರೆ, ಸಮಪಾತಳಿ ಬದು ಹಾಕುತ್ತಾರೆ. ಗ್ರೇಡಿಯೆಂಟಿನ ವ್ಯಾಖ್ಯೆ ಅವರಿಗೆ ಬೇಕಿಲ್ಲ. ನಮಗೆ ವ್ಯಾಖ್ಯೆ ಬಾಯಿಗೆ ಬರುತ್ತಿತ್ತು, ಬದು ಹಾಕು ಅಂದಿದ್ದರೆ ಕೈ ಹೊಸಕುತ್ತ ನಿಲ್ಲುತ್ತಿದ್ದೆವು.

ಅದೇ ನಕ್ಷೆಯಲ್ಲಿ ಶಿಖರ ಮುಟ್ಟದೆ ಪಕ್ಕದಲ್ಲಿ ಹಾದುಹೋಗುವ ರಸ್ತೆಯೊಂದನ್ನು ಹಿಡಿಯಿರಿ. ಆ ರಸ್ತೆಯ ಮೇಲೆ ಅತಿ ಎತ್ತರದ ಜಾಗ ಯಾವುದು? ಕಂದು ಗೆರೆಗಳನ್ನು ದಾಟುತ್ತ ಏರುತ್ತಿದ್ದೀರಿ ಅಂದರೆ ಅದಿನ್ನೂ ಮುಂದಿದೆ. ದಾಟುತ್ತ ಇಳಿಯುತ್ತಿದ್ದೀರಿ ಅಂದರೆ ಹಿಂದೆ ಹೋಯಿತು. ನೆತ್ತಿಯಲ್ಲಿ ರಸ್ತೆ ಯಾವ ಗೆರೆಯನ್ನೂ ದಾಟುವುದಿಲ್ಲ, ಒಂದನ್ನು ಸವರಿಕೊಂಡು ಹೋಗುತ್ತದೆ. ಟ್ಯೂರಿನ್‌ನಲ್ಲಿ ಹುಟ್ಟಿದ ಲಗ್ರಾಂಜ್ ಲ್ಯಾಮ್ಡಾ ಹಾಕಿ ಹೇಳಿದ್ದು ಇದನ್ನೇ. ತಗಡಿನ ಪೆಟ್ಟಿಗೆಯಲ್ಲಿ 32 ಎನ್ನುವ ಕರಾರು ರಸ್ತೆಯ ಜಾಗದಲ್ಲಿದೆ, ತಗಡಿನ ಅಳತೆ ಬೆಟ್ಟದ ಜಾಗದಲ್ಲಿ. ಇನ್ನು ಸ್ಯಾಡಲ್ ಪಾಯಿಂಟ್ ಎಂಬುದನ್ನು ಹುಡುಗಿಗೆ ವಿವರಿಸಲು ಬೆಟ್ಟ ಬೇಕಾಗಲಿಲ್ಲ. ಊಟದ ತಟ್ಟೆಯಲ್ಲಿ ಎಣ್ಣೆಯಿಂದ ಆಗ ತೆಗೆದ ಹಪ್ಪಳವಿತ್ತು, ಒಂದು ದಿಕ್ಕಿಗೆ ಅಂಚು ಮೇಲೆದ್ದು ಇನ್ನೊಂದು ದಿಕ್ಕಿಗೆ ಕೆಳಗೆ ಬಾಗಿ. ನಡುವಿನ ಚುಕ್ಕೆ ಒಂದು ಕಡೆಯಿಂದ ನೋಡಿದರೆ ತಗ್ಗು, ಇನ್ನೊಂದು ಕಡೆಯಿಂದ ನೋಡಿದರೆ ದಿಣ್ಣೆ. ಅರ್ಥವಾದ ಕೂಡಲೇ ಅದನ್ನು ಮುರಿದು ಸಾರಿಗೆ ಹಾಕಿಕೊಂಡಳು.

ಕೊನೆಯ ಮಾಡ್ಯೂಲುಗಳಲ್ಲಿ ಗ್ರೀನ್, ಗಾಸ್, ಸ್ಟೋಕ್ಸ್ ಎಂಬ ಮೂವರು ಬರುತ್ತಾರೆ. ಇವರಲ್ಲಿ ಗ್ರೀನ್ ನನಗೆ ಬಲು ಇಷ್ಟ. ಜಾರ್ಜ್ ಗ್ರೀನ್ ಹುಟ್ಟಿದ್ದು 1793ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಅಪ್ಪ ಬ್ರೆಡ್ಡು ಸುಡುವವನು, ಪಕ್ಕದ ಸ್ನೈಂಟನ್‌ನಲ್ಲಿ ಗಾಳಿಗಿರಣಿ ಕಟ್ಟಿಸಿದ. ಮಗ ಶಾಲೆಗೆ ಹೋದದ್ದು ಒಂದು ವರ್ಷದಷ್ಟು. ಹಿಟ್ಟು ಬೀಸುತ್ತಲೇ ಗಣಿತ ಕಲಿತು 1828ರಲ್ಲಿ ವಿದ್ಯುತ್ತು ಮತ್ತು ಕಾಂತತ್ವದ ಮೇಲೆ ಪುಸ್ತಕ ಬರೆದ, ಚಂದಾ ಎತ್ತಿ ಅಚ್ಚು ಹಾಕಿಸಿದ. ಚಂದಾದಾರರು ಐವತ್ತರ ಸುಮಾರು, ಹೆಚ್ಚಿನವರು ಸುತ್ತಮುತ್ತಲಿನ ಗಣ್ಯರು. ಅವರಲ್ಲಿ ಎಷ್ಟು ಮಂದಿ ಎರಡನೆಯ ಪುಟ ತಿರುಗಿಸಿದರೋ. ನಲವತ್ತನೆಯ ವಯಸ್ಸಿನಲ್ಲಿ, 1833ರಲ್ಲಿ, ಕೇಂಬ್ರಿಡ್ಜಿಗೆ ಹೋಗಿ ಹುಡುಗರ ಪಕ್ಕ ಕೂತ. 1841ರಲ್ಲಿ ತೀರಿಕೊಂಡ. ಪುಸ್ತಕದ ಪ್ರತಿಗಾಗಿ ಹುಡುಕಾಡುತ್ತಿದ್ದ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು, 1845ರಲ್ಲಿ ಅದನ್ನು ಕೈಗೆ ಸಿಕ್ಕಿಸಿಕೊಂಡು ಪ್ಯಾರಿಸ್ಸಿಗೆ ಒಯ್ದು ತೋರಿಸಿದ ಮೇಲೆಯೇ ಲೋಕಕ್ಕೆ ಗ್ರೀನ್ ಯಾರೆಂದು ತಿಳಿದದ್ದು. ಗಿರಣಿಯನ್ನು ರಿಪೇರಿ ಮಾಡಿ ಇಟ್ಟಿದ್ದಾರೆ, ಹಿಟ್ಟೂ ಬೀಸುತ್ತಾರೆ. ತಮಾಷೆಯೆಂದರೆ, ನಮ್ಮ ಸಿಲಬಸ್ಸಿನಲ್ಲಿರುವ, ಸಮತಲದಲ್ಲಿ ಗೆರೆಯ ಸುತ್ತಿನ ಲೆಕ್ಕವನ್ನು ಒಳಗಿನ ಜಾಗದ ಲೆಕ್ಕಕ್ಕೆ ತಿರುಗಿಸುವ ಗ್ರೀನ್ ಪ್ರಮೇಯ ಆ ರೂಪದಲ್ಲಿ ಅವನ ಪುಸ್ತಕದಲ್ಲಿಲ್ಲ. ಅದನ್ನು 1846ರಲ್ಲಿ ಅಚ್ಚು ಮಾಡಿಸಿದವನು ಕೊಶಿ.

ಸ್ಟೋಕ್ಸನದು ಇನ್ನೂ ಚೆನ್ನ. ಆ ಪ್ರಮೇಯ ಅವನದಲ್ಲ, 1850ರ ಜುಲೈಯಲ್ಲಿ ಇದೇ ಕೆಲ್ವಿನ್ ಅವನಿಗೆ ಬರೆದ ಕಾಗದದಲ್ಲಿತ್ತು. ಸ್ಟೋಕ್ಸ್ ಅದನ್ನು 1854ರಲ್ಲಿ ಕೇಂಬ್ರಿಡ್ಜಿನ ಸ್ಮಿತ್ಸ್ ಪ್ರೈಜ್ ಪರೀಕ್ಷೆಗೆ ಪ್ರಶ್ನೆಯಾಗಿ ಹಾಕಿದ. ಅದು ಮೊದಲು ಅಚ್ಚಾದದ್ದು ಹಾಗೆ, ಪ್ರಶ್ನೆಪತ್ರಿಕೆಯಲ್ಲಿ. ಸಾಧನೆ ಅಚ್ಚಾಗುವುದಕ್ಕೆ ಮತ್ತೆ ಏಳು ವರ್ಷ ಬೇಕಾಯಿತು. ಅದನ್ನು ಬರೆದವನು ಜರ್ಮನಿಯ ಹ್ಯಾಂಕೆಲ್. ಕುಡಿಯೊಡೆದದ್ದೇ ಪ್ರಶ್ನೆಪತ್ರಿಕೆಯಲ್ಲಿ ಎಂದಮೇಲೆ ಈಗಲೂ ಅದು ಬಿಡದೆ ಅಲ್ಲಿಯೇ ಇದ್ದರೆ ದೂರುವುದಾದರೂ ಯಾರನ್ನು? ಆ ವರ್ಷ ಪರೀಕ್ಷೆಗೆ ಕೂತವರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ಹುಡುಗನಿದ್ದ. ಬಹುಮಾನ ಅವನಿಗೂ ರೌತ್ ಎಂಬ ಇನ್ನೊಬ್ಬನಿಗೂ ಸಮನಾಗಿ ಹಂಚಿಹೋಯಿತು. ಮುಂದೆ ಮ್ಯಾಕ್ಸ್‌ವೆಲ್ ವಿದ್ಯುತ್ತು, ಕಾಂತತ್ವ, ಬೆಳಕು ಮೂರನ್ನೂ ಒಂದೇ ಕಟ್ಟಿಗೆ ತಂದಾಗ ಆ ಪರೀಕ್ಷೆಯ ಪ್ರಶ್ನೆ ಅವನ ಕೈಗೆ ಚೆನ್ನಾಗಿ ಒದಗಿತು.

ಇಷ್ಟನ್ನೂ ನಾನು ಮೈಮರೆತು ಹೇಳಿದೆ. ಹುಡುಗಿ ಫೋನು ಕೆಳಗಿಟ್ಟು ಪೂರ್ತಿ ಕೇಳಿದಳು. ಆಮೇಲೆ ಗಂಭೀರವಾಗಿ ಒಂದು ಪ್ರಶ್ನೆ ಹಾಕಿದಳು:

"ಮಾಮ, ಆ ಪೇಪರ್‌ನಲ್ಲಿ ಚಾಯ್ಸ್ ಇತ್ತಾ?"