ಮಾಳಿಗೆ ಮನೆಯಿಂದ ಸ್ಲ್ಯಾಬ್ ಮನೆಗೆ

ನಮ್ಮ ಯಲಬುರ್ಗಾ, ಕುಷ್ಟಗಿ ಕಡೆ ಮಿರಗದ ಮಳೆ ಹಿಡಿಯುವ ಮೊದಲು ಮಾಳಿಗೆಗೆ ಸವಳು ಮಣ್ಣು ಏರಿಸಲೇಬೇಕಿತ್ತು. ಬುಟ್ಟಿಯಲ್ಲಿ ಹೊತ್ತು, ಹರವಿ, ಬಡಿದು, ನೀರು ದೋಣಿಯತ್ತ ಹರಿಯುವಂತೆ ಇಳಿಜಾರು ಕೊಡುವುದು. ಮಳೆ ಶುರುವಾದ ಮೇಲೆ ಸೋರಿದರೂ ನಮ್ಮ ಅಜ್ಜ ಯಾರನ್ನೂ ಮೇಲೆ ಹತ್ತಗೊಡುತ್ತಿರಲಿಲ್ಲ. ನೆನೆದ ಮಣ್ಣಿನ ಭಾರವೇ ಜಂತಿಗೆ ಸಾಕು, ಆಳಿನ ಭಾರ ಯಾಕೆ ಎನ್ನುತ್ತಿದ್ದ. ಸೋರುವ ಕಡೆ ಕೊಡ, ಬೋಗುಣಿ ಇಡುತ್ತಿದ್ದೆವು. ಅವನ ಕಣ್ಣು ಮಾತ್ರ ಬೋಗುಣಿಯ ಮೇಲಲ್ಲ, ಗೋಡೆಯ ಬುಡದ ಮೇಲೆ ಇರುತ್ತಿತ್ತು. ಜಂತಿಯ ಸಂದಿಯಿಂದ ಮಣ್ಣು ಉದುರಿದರೆ, ಇದ್ದಕ್ಕಿದ್ದಂತೆ ಬಾಗಿಲು ಬಿಗಿಯಾದರೆ, ಗೋಡೆ ಉಬ್ಬಿದರೆ ಒಂದೇ ಮಾತು: "ಗ್ವಾಡಿ ಹೊಟ್ಟಿ ಬಿಟ್ಟೈತಿ, ಹುಡುಗ್ರನ್ನ ಕರಕೊಂಡು ಗುಡಿಗೆ ನಡೀರಿ." ಹಾಸಿಗೆ, ಕಾಳು, ಪೆಟ್ಟಿಗೆ ಎಲ್ಲ ಆಮೇಲೆ.

2009ರಲ್ಲಿ ಈ ಮಾತಿನ ಬೆಲೆ ಗೊತ್ತಾಯಿತು. ಬನ್ನಿ ಹಬ್ಬದ ಬೆನ್ನಿಗೇ ಹಸ್ತ ಮಳೆ ಹಗಲು ರಾತ್ರಿ ಹೊಡೆಯಿತು. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದವು. ನದಿ ಇಲ್ಲದ ಊರಲ್ಲೂ ಬಿದ್ದವು. ಮಳೆ ನಿಂತು ಬಿಸಿಲು ಬಂತಲ್ಲ ಎಂದು ಒಳಗೆ ಹೋಗುವುದೇ ಅಪಾಯ. ಮಣ್ಣಿನ ಗೋಡೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ನೀರು ಹಿಡಿದೇ ಇರುತ್ತದೆ, ದಿನ ಕಳೆದ ಮೇಲೂ ಕುಸಿಯುತ್ತದೆ.

ಕಾಳು ತುಂಬಿಡುವ ಹಗೇವಿನದು ಇನ್ನೊಂದು ಕಥೆ. ನೆಲದೊಳಗಿನ ಜೋಳಕ್ಕೆ ನೀರು ತಾಗಿದರೆ ಕಾಳು ಹುದುಗು ಬಂದು ಕೆಟ್ಟ ಗಾಳಿ ತುಂಬಿಕೊಳ್ಳುತ್ತದೆ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ದೀಪ ಉರಿದ ಮಾತ್ರಕ್ಕೆ ಎಲ್ಲ ಸರಿ ಎಂದೂ ಅಲ್ಲ, ಉಸಿರುಗಟ್ಟಿದವನನ್ನು ಎತ್ತಲು ಇಳಿದವನೂ ಮೇಲೆ ಬರದಿರಬಹುದು. ಈಗ ಹಗೇವುಗಳು ಹೆಚ್ಚಿಲ್ಲ. ಮುಚ್ಚಿದ ನೀರಿನ ತೊಟ್ಟಿ, ಶೌಚದ ಗುಂಡಿಗಳಿವೆ. ಅವುಗಳಲ್ಲೂ ಇದೇ ಅಪಾಯ.

ಗಂಗಾವತಿ ಕಡೆಯವರ ಭಯ ಬೇರೆ. ಅವರಿಗೆ ಹೊಳೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾದಾಗ ದಂಡೆಯ ಊರುಗಳಿಗೆ ಎಚ್ಚರಿಕೆ ಹೋಯಿತು. ಸೋರುವ ಮಾಳಿಗೆಗೆ ಅಂಥ ಎಚ್ಚರಿಕೆ ಕೊಡುವವರಿಲ್ಲ. ಮನೆಯವರೇ ನೋಡಬೇಕು.

ಈಗ ಎಲ್ಲೆಲ್ಲೂ ಸ್ಲ್ಯಾಬ್ ಮನೆ. ಸ್ಲ್ಯಾಬ್ ಬೀಳುವುದಿಲ್ಲ ಎಂಬ ಧೈರ್ಯದಲ್ಲಿ ಜನ ಸೋರುವುದನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಹಳೆಯ ಗೋಡೆಯಲ್ಲಿ ಇಲ್ಲದ ವೈರು ಈಗ ಗೋಡೆಯೊಳಗೇ ಓಡುತ್ತದೆ. ಪಕ್ಕದ ಓಣಿಯ ಮನೆಯೊಂದರಲ್ಲಿ ನೋಡಿದೆ: ಫ್ಯಾನಿನ ಕಪ್ಪಿನಿಂದ ನೀರು ತೊಟ್ಟಿಕ್ಕುತ್ತಿದೆ, ಸ್ವಿಚ್‌ಬೋರ್ಡಿನ ಸುತ್ತ ಸುಣ್ಣ ಉಬ್ಬಿದೆ, ಮೂಲೆಯಲ್ಲಿ ಇನ್ವರ್ಟರ್ ಗುಂಯ್‌ಗುಡುತ್ತಿದೆ, ಆ ತಾಯಿ ಬರಿಗಾಲಲ್ಲಿ ನೆಲ ಒರೆಸುತ್ತಿದ್ದಾರೆ. "ಅಕ್ಕಾರ, ಮೊದ್ಲ ಹೊರಗ ಬರ್ರಿ" ಎಂದು ಕೂಗಬೇಕಾಯಿತು. ಲೈನಿನ ಕರೆಂಟು ಹೋದರೂ ಇನ್ವರ್ಟರಿನ ಕರೆಂಟು ವೈರಿನಲ್ಲಿ ಇರುತ್ತದೆ ಎಂಬುದು ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ.

ಆದ್ದರಿಂದ ಮನೆಗೆ ನೀರು ಬಂದಾಗ ಒಣ ಜಾಗದಲ್ಲಿ ನಿಂತು, ಒಣ ಕೈಯಿಂದ ಮೇನ್ ಸ್ವಿಚ್ ಇಳಿಸಿ, ಇನ್ವರ್ಟರನ್ನೂ ಆಫ್ ಮಾಡಿ. ಸ್ವಿಚ್ಚಿಗೆ ಹೋಗುವ ದಾರಿಯಲ್ಲಿ ನೀರು ನಿಂತಿದ್ದರೆ, ಬೋರ್ಡೇ ನೆನೆದಿದ್ದರೆ ಮುಟ್ಟಬೇಡಿ, ಜೆಸ್ಕಾಂನ 1912ಕ್ಕೆ ಫೋನ್ ಮಾಡಿ. ನೆನೆದ ಫ್ರಿಜ್, ಮೋಟರನ್ನು ವೈರ್‌ಮನ್ ನೋಡುವವರೆಗೆ ಚಾಲು ಮಾಡಬೇಡಿ. ಗೋಡೆ ಬಿದ್ದಿದ್ದರೆ ಮಣ್ಣು ಎತ್ತುವ ಮೊದಲು ಹೊರಗಿನಿಂದಲೇ ಫೋಟೊ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ಪಂಚನಾಮೆ ಮಾಡಿಸಿ. ಪರಿಹಾರದ ಅರ್ಜಿಗೆ ಅದು ಬೇಕು.