ಬೆವರಿನ ಜಮಾಖರ್ಚು

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಆಗ್ರಹಪಡಿಸಿದರು. ಗಡಿನಾಡಿನ ಕನ್ನಡದ ಸ್ಥಿತಿಗತಿಗಳನ್ನು ಕುರಿತು ಬರೆಯಬಲ್ಲ ಪಂಡಿತರು ಈ ಸಂಚಿಕೆಯಲ್ಲಿ ಅನೇಕರಿದ್ದಾರೆ. ಮೂವತ್ತೊಂದು ವರ್ಷ ಇದೇ ಶಾಲೆಯಲ್ಲಿ ಗಣಿತವನ್ನು ಬೋಧಿಸಿದ ನಾನು ಒಂದು ಲೆಕ್ಕವನ್ನು ಕುರಿತು ಬರೆಯುವುದೇ ಉಚಿತವೆಂದು ತೋರಿತು. ಲೆಕ್ಕ ನೋಡಲು ಸಣ್ಣದು. ತಿಂದ ಅನ್ನದ ಕ್ಯಾಲರಿಗಳನ್ನು ಬರೆದಿಡುವವರು, ತಾವು ದಿನನಿತ್ಯ ಮಾಡುವ ಕೆಲಸಗಳಲ್ಲಿ ಯಾವುದನ್ನು ವ್ಯಾಯಾಮವೆಂದು ಎಣಿಸಬೇಕು, ಯಾವುದನ್ನು ಬಿಡಬೇಕು ಎಂಬುದಷ್ಟೇ ಪ್ರಶ್ನೆ. ಸಕ್ಕರೆ ಕಾಯಿಲೆಯ ಗುಳಿಗೆಗಳು ಮನೆಬಾಗಿಲಿಗೇ ಬರುವ ಕಾಲವಿದು. ಹಾಗೆ ಔಷಧವನ್ನು ತಲುಪಿಸುವ ತಮಿಳುನಾಡು ಸರ್ಕಾರದ ಯೋಜನೆ 2021ರ ಆಗಸ್ಟ್ ತಿಂಗಳಿನಲ್ಲಿ ಪ್ರಾರಂಭವಾದದ್ದು ನಮ್ಮ ನೆರೆಯ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಆದುದರಿಂದ ಈ ಸಣ್ಣ ಲೆಕ್ಕದ ಉತ್ತರ ತಪ್ಪಿದರೆ ನಷ್ಟ ಸಣ್ಣದಲ್ಲ.

ನನ್ನ ಗಮನಕ್ಕೆ ಇದನ್ನು ತಂದವರು ನಮ್ಮ ಅತ್ತಿಗೆ. ಸೇಲಂ ಜಿಲ್ಲೆಯ ಇಳಂಪಿಳ್ಳೈಯಲ್ಲಿ ನೆಲೆಸಿರುವ ನಮ್ಮದು ಕನ್ನಡ ದೇವಾಂಗರ ಮನೆತನ, ಅಣ್ಣ ನೇಕಾರರು. ಅತ್ತಿಗೆಗೆ ಅರವತ್ತೆರಡನೆಯ ವಯಸ್ಸಿನಲ್ಲಿ ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚಿರುವುದು ಕಂಡುಬಂದಾಗ, ಆಸ್ಪತ್ರೆಯಲ್ಲಿ ಎರಡು ಅಂಕಣಗಳ ಒಂದು ಚೀಟಿಯನ್ನು ಕೊಟ್ಟರು. ಎಡಗಡೆ ಉಂಡದ್ದನ್ನು ಬರೆಯಬೇಕು, ಬಲಗಡೆ ವ್ಯಾಯಾಮವನ್ನು. ಮೂರು ವಾರಗಳ ನಂತರ ನಾನು ಹೋದಾಗ ಎಡಗಡೆ ತುಂಬಿತ್ತು, ಬಲಗಡೆ ಒಂದಕ್ಷರವೂ ಇರಲಿಲ್ಲ. ಕಾರಣ ಕೇಳಿದೆ.

“ಬೆಳಗ್ಗೆ ನಾಲ್ಕೂವರೆಗೆ ಎದ್ದರೆ ರಾತ್ರಿ ಹತ್ತರವರೆಗೆ ಕೂತವಳಲ್ಲ. ವ್ಯಾಯಾಮ ಮಾಡೋದಕ್ಕೆ ನನಗೆ ಹೊತ್ತೆಲ್ಲಿದೆ, ನೀನೇ ಹೇಳಪ್ಪ!” ಎಂದರು.

ಈ ಮಾತನ್ನು ಹಾಸ್ಯವೆಂದು ತಿಳಿದು ಮನೆಯವರೆಲ್ಲ ನಕ್ಕರು. ನನಗೆ ಮಾತ್ರ ಅದು ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಕೇಳಬಹುದಾದಂಥ ಪ್ರಶ್ನೆಯೆನಿಸಿತು.

ಮೊದಲು ಶಬ್ದವನ್ನೇ ನೋಡೋಣ. ಚೀಟಿಯಲ್ಲಿ ಅಚ್ಚಾಗಿದ್ದ ತಮಿಳು ಪದ ‘ಉಡಱ್ಪಯಿಱ್ಚಿ’. ಅದರ ‘ಉಡಲ್’ ನಮ್ಮ ಒಡಲೇ. ‘ಪಯಿಱ್ಚಿ’ ಎಂದರೆ ಅಭ್ಯಾಸ, ತರಬೇತಿ. ಕನ್ನಡದಲ್ಲಿ ನಾವು ವ್ಯಾಯಾಮ ಎನ್ನುತ್ತೇವೆ, ಹಿಂದಿನವರು ಸಾಮು ಎನ್ನುತ್ತಿದ್ದರು, ಕಸರತ್ತು ಎನ್ನುತ್ತಿದ್ದರು. ಇವೆಲ್ಲವೂ ಬೇಕೆಂದು, ಹೊತ್ತು ಮಾಡಿಕೊಂಡು, ದೇಹಕ್ಕಾಗಿಯೇ ಮಾಡುವ ಶ್ರಮದ ಹೆಸರುಗಳು. ಹೊಟ್ಟೆಪಾಡಿಗಾಗಿ ಪಡುವ ಶ್ರಮಕ್ಕೆ ಗೇಮೆ, ದುಡಿಮೆ, ಚಾಕರಿ ಎಂಬ ಬೇರೆ ಶಬ್ದಗಳಿವೆ. ಹೀಗಿರುವಾಗ ಒರಳು ತಿರುಗಿಸಿದ ಹೆಂಗಸು ತಾನು ವ್ಯಾಯಾಮ ಮಾಡಿದೆನೆಂದು ಹೇಗೆ ಬರೆದಾಳು? ವಿದ್ವಾಂಸರೂ ಇದೇ ಭೇದವನ್ನು ಒಪ್ಪಿದ್ದಾರೆ. 1985ರಲ್ಲಿ ಅಮೆರಿಕದ ಕ್ಯಾಸ್ಪರ್ಸನ್ ಮತ್ತು ಸಂಗಡಿಗರು ಬರೆದ, ಇಂದಿಗೂ ಬಳಕೆಯಲ್ಲಿರುವ ವ್ಯಾಖ್ಯೆಯ ಪ್ರಕಾರ ಸ್ನಾಯುಗಳಿಂದಾಗುವ, ಶಕ್ತಿ ವ್ಯಯವಾಗುವ ಎಲ್ಲ ಚಲನೆಯೂ ದೈಹಿಕ ಚಟುವಟಿಕೆ. ಅದರಲ್ಲಿ ಯೋಜಿತವಾಗಿ, ಕ್ರಮಬದ್ಧವಾಗಿ, ದೇಹದಾರ್ಢ್ಯದ ಉದ್ದೇಶದಿಂದ ಮತ್ತೆ ಮತ್ತೆ ಮಾಡುವುದು ಮಾತ್ರ ವ್ಯಾಯಾಮ.

ನಮ್ಮ ಶಾಲೆಯ ಹಳೆಯ ದಿನಗಳನ್ನು ಬಲ್ಲವರಿಗೆ ಈ ಭೇದ ಹೊಸದಲ್ಲ. ಸುತ್ತಲಿನ ಹಳ್ಳಿಗಳಿಂದ ಮೂರು ಮೈಲಿ, ನಾಲ್ಕು ಮೈಲಿ ನಡೆದು ಬರುತ್ತಿದ್ದ ಮಕ್ಕಳು ಬೆವರು ಆರುವ ಮೊದಲೇ ಡ್ರಿಲ್ ಪಿರಿಯಡ್ಡಿಗೆ ಸಾಲಾಗಿ ನಿಲ್ಲುತ್ತಿದ್ದರು. ವೇಳಾಪಟ್ಟಿಯಲ್ಲಿ ದೇಹ ಶಿಕ್ಷಣ ನಲವತ್ತು ನಿಮಿಷ. ನಡೆದು ಬಂದ ದಾರಿ ಯಾವ ಪಟ್ಟಿಯಲ್ಲೂ ಇಲ್ಲ. ಡ್ರಿಲ್ ಮೇಷ್ಟ್ರು ಸಹೃದಯರು. ದೂರದ ಮಕ್ಕಳನ್ನು ಬೇವಿನ ಮರದ ಕೆಳಗೆ ಕುಳ್ಳಿರಿಸಿ, ಊರೊಳಗಿನವರನ್ನು ಮಾತ್ರ ಓಡಿಸುತ್ತಿದ್ದರು. ಅವರ ನ್ಯಾಯ ನಮ್ಮ ಕೆಲವು ಪುಸ್ತಕಗಳ ನ್ಯಾಯಕ್ಕಿಂತ ಮೇಲಾಗಿತ್ತೆಂದು ಈಗ ಅನ್ನಿಸುತ್ತದೆ.

ಏಕೆಂದರೆ ಹೃದಯಕ್ಕೆ ಶಬ್ದಗಳ ಭೇದ ತಿಳಿಯದು. ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಅಲ್ಲಿಯ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ 1953ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ಪ್ರಸಿದ್ಧವಾದುದು. ಇಡೀ ದಿನ ಕುಳಿತಿರುವ ಚಾಲಕರಿಗಿಂತ ಟಿಕೆಟ್ ಕೊಡುತ್ತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಿತ್ತು. ಅವರು ಮಾಡಿದ್ದು ಚಾಕರಿ, ಕಸರತ್ತಲ್ಲ. (ನಮ್ಮ ಸೇಲಂ-ಧರ್ಮಪುರಿ ಬಸ್ಸಿನ ಕಂಡಕ್ಟರಿಗೆ ಮೆಟ್ಟಿಲಿಲ್ಲ, ಆದರೆ ಸಂತೆಯ ದಿನದ ಜನಸಂದಣಿಯಲ್ಲಿ ಹಿಂದಿನಿಂದ ಮುಂದಕ್ಕೆ ದಾರಿ ಮಾಡಿಕೊಂಡು ಹೋಗುವುದೂ ಒಂದು ಸಾಮೇ.) ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಹೇಳುತ್ತದೆ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕೆಂದು 2010ರಲ್ಲಿ ವಿಧಿಸಿದ್ದ ನಿಬಂಧನೆಯನ್ನು 2020ರಲ್ಲಿ ಅದು ಕೈಬಿಟ್ಟಿತು. ಮನೆಗೆಲಸವನ್ನೂ ಉದ್ಯೋಗದ ದುಡಿಮೆಯನ್ನೂ ಅದು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಆರೋಗ್ಯದ ಪುಸ್ತಕದಲ್ಲಿ ಅತ್ತಿಗೆಯ ಕಸಪೊರಕೆಗೆ ಜಾಗವಿದೆಯೆಂದಾಯಿತು.

ಆದರೆ ಅನ್ನದ ಪುಸ್ತಕ ಬೇರೆ. ಇಲ್ಲಿ ಜಮಾಖರ್ಚಿನ ಕಟ್ಟುನಿಟ್ಟು ಬೇಕು. ಒಂದೇ ರಕಮನ್ನು ಎರಡು ಸಲ ಜಮೆ ಹಿಡಿಯಬಾರದು. ಅತ್ತಿಗೆಯ ಮೊಮ್ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನ ಮುಂಗೈಯ ಗಡಿಯಾರ ಹೆಜ್ಜೆಗಳನ್ನು ಎಣಿಸುತ್ತದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅವನ ವ್ರತ. ಆ ಸಂಖ್ಯೆ ಬಂದದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್‌ಪೊ-ಕೇ’ ಎಂಬ ಹೆಜ್ಜೆಮಾಪಕದ ಹೆಸರಿನಿಂದ. ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದೇ ಆ ಹೆಸರಿನ ಅರ್ಥ. ರಾತ್ರಿ ಗಡಿಯಾರ ನೋಡಿ “ತಾತ, ಇವತ್ತು ನಾನೂರು ಕ್ಯಾಲರಿ ಸಂಪಾದಿಸಿದ್ದೇನೆ” ಎಂದು ಎರಡು ಪರೋಟ ಹೆಚ್ಚಿಗೆ ತಿನ್ನುತ್ತಾನೆ. ವಿಚಾರಿಸಿದರೆ, ಫೋನಿನಲ್ಲಿ ತನ್ನ ಹೆಸರಿನ ಮುಂದೆ ‘ಮಧ್ಯಮ ಶ್ರಮಿ’ ಎಂದು ಮೊದಲೇ ನಮೂದಿಸಿದ್ದಾನೆ. ಅವನ ಓಡಾಟಕ್ಕೆ ಬೇಕಾದ ಅನ್ನ ಆ ಒಂದು ಪದದಲ್ಲೇ ಸಂದಾಯವಾಗಿದೆ. ಮತ್ತೆ ಹೆಜ್ಜೆಗೆ ಬೇರೆ ಕೂಲಿ ಕೇಳಿದರೆ ಹೇಗೆ?

ಇನ್ನೊಂದು ಸೂಕ್ಷ್ಮವಿದೆ. ಸುಮ್ಮನೆ ಕುಳಿತಿದ್ದರೂ ದೇಹ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲರಿ ಉರಿಸುತ್ತದೆ. ಸಾಧಾರಣ ವೇಗದ ನಡಿಗೆಯಲ್ಲಿ ಅದರ ಮೂರೂವರೆಯಷ್ಟು. 55 ಕಿಲೋ ತೂಕದ ಹೆಂಗಸು ಅರ್ಧ ಗಂಟೆ ನಡೆದರೆ ಒಟ್ಟು 96 ಕ್ಯಾಲರಿ. ಕುಳಿತಿದ್ದರೂ ಖರ್ಚಾಗುತ್ತಿದ್ದ 27ನ್ನು ಕಳೆದರೆ ನಡಿಗೆಯ ನಿಜವಾದ ಗಳಿಕೆ ಸುಮಾರು 70. ರಾಗಿ ಹಿಟ್ಟಿನ ಲೆಕ್ಕದಲ್ಲಿ ಇಪ್ಪತ್ತು ಗ್ರಾಂ ಚಿಲ್ಲರೆ, ಅಂದರೆ ಮುದ್ದೆಯಲ್ಲಿ ಮುರಿದ ಒಂದೆರಡು ತುತ್ತು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ನಮ್ಮ ದೇಶದವರಿಗೆ ಬೇಕಾದ ಆಹಾರದ ಪ್ರಮಾಣವನ್ನು ಗೊತ್ತುಪಡಿಸುವ ಸಂಸ್ಥೆ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಮ್ಯಾಕ್‌ಕ್ಯಾರಿಸನ್ ಅವರು ಆರಂಭಿಸಿದ ಪುಟ್ಟ ಪ್ರಯೋಗಾಲಯವೇ ಬೆಳೆದು ಹೀಗಾದದ್ದು. ಅದರ 2020ರ ಕೋಷ್ಟಕದಂತೆ 55 ಕಿಲೋ ತೂಕದ ಹೆಂಗಸಿಗೆ ಕುಳಿತ ಕೆಲಸವಾದರೆ ದಿನಕ್ಕೆ 1660 ಕ್ಯಾಲರಿ, ಮಧ್ಯಮ ಶ್ರಮವಾದರೆ 2130, ಕಠಿಣ ಶ್ರಮವಾದರೆ 2720. ಯಾರು ಯಾವ ಸಾಲಿನವರು ಎಂಬುದಕ್ಕೆ ಅದೇ ಸಂಸ್ಥೆಯ 2011ರ ಮಾರ್ಗಸೂಚಿಯಲ್ಲಿ ವೃತ್ತಿಗಳ ಪಟ್ಟಿಯಿದೆ. ನೇಕಾರ, ಕುಂಬಾರ, ಬಡಗಿ, ಬೀಡಿ ಕಟ್ಟುವವಳು, ಮನೆಗೆಲಸದಾಕೆ, ಇವರು ಮಧ್ಯಮರು. ಕಲ್ಲು ಒಡೆಯುವವರು, ಕಮ್ಮಾರರು ಕಠಿಣರು. ಉಪಾಧ್ಯಾಯ, ಅರ್ಚಕ, ದರ್ಜಿ ಕುಳಿತವರು. ಇದರಲ್ಲಿ ನನಗೆ ತಕರಾರಿಲ್ಲ. ಅಂಚೆಯವನೂ ಕುಳಿತವನೇ ಎಂದಾಗ ಬೆಟ್ಟದ ಹಳ್ಳಿಗಳಿಗೆ ಕಾಗದ ಹೊತ್ತವರ ನೆನಪಾಗಿ ಸ್ವಲ್ಪ ನಗು ಬಂತು. ಗೃಹಿಣಿಯನ್ನೂ ಅದೇ ಸಾಲಿನಲ್ಲಿ ಕಂಡಾಗ ನಗು ನಿಂತಿತು. ಇತರರ ಮನೆಯಲ್ಲಿ ಪಾತ್ರೆ ತಿಕ್ಕಿದರೆ ಮಧ್ಯಮ ಶ್ರಮ. ಅದೇ ಹೆಂಗಸು ತನ್ನ ಮನೆಯಲ್ಲಿ ತಿಕ್ಕಿದರೆ ಕುಳಿತ ಕೆಲಸ!

ಎರಡು ಸಾಲುಗಳ ನಡುವಣ ಅಂತರ 470 ಕ್ಯಾಲರಿ. ಹೆಚ್ಚುಕಡಿಮೆ 145 ಗ್ರಾಂ ರಾಗಿ ಹಿಟ್ಟು. ಅರ್ಧ ಗಂಟೆಯ ನಡಿಗೆಯ ಗಳಿಕೆ 70. ನೆಲ ಒರೆಸುವುದು ವ್ಯಾಯಾಮವೇ, ಮಾರುಕಟ್ಟೆಗೆ ಹೋಗಿಬರುವುದು ವ್ಯಾಯಾಮವೇ ಎಂದು ಬಲಗಡೆಯ ಅಂಕಣದಲ್ಲಿ ನಾವು ತರ್ಕ ಮಾಡುತ್ತ ಕೂರುತ್ತೇವೆ. ಅದರ ಆರೇಳು ಪಟ್ಟು ದೊಡ್ಡ ತೀರ್ಮಾನ, ಯಾವ ಸಾಲು ಎಂಬ ತೀರ್ಮಾನ, ಯಾರೂ ಕೇಳದೆ ಮೊದಲೇ ಆಗಿಹೋಗಿರುತ್ತದೆ.

ಹಾಗೆಂದು ಎಲ್ಲ ಗೃಹಿಣಿಯರನ್ನೂ ಮೇಲಿನ ಸಾಲಿಗೆ ಏರಿಸಿಬಿಡಿರೆಂದು ನಾನು ವಾದಿಸುವುದಿಲ್ಲ. ಕಾಲ ಬದಲಾಗಿದೆ. ನಮ್ಮ ತಾಯಿ ಬೀಸುವ ಕಲ್ಲಿನಲ್ಲಿ ರಾಗಿ ಬೀಸಿ, ಒರಳಿನಲ್ಲಿ ರುಬ್ಬಿ, ಬಾವಿಯಿಂದ ನೀರು ಸೇದಿ, ನಡುನಡುವೆ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದರು. 2011ರಿಂದ ತಮಿಳುನಾಡು ಸರ್ಕಾರ ಮಿಕ್ಸಿಯನ್ನೂ ಗ್ರೈಂಡರನ್ನೂ ಉಚಿತವಾಗಿ ಹಂಚಿತು. ಅದಕ್ಕೆ ಮೊದಲೇ, 2006ರಿಂದ, ಬಣ್ಣದ ಟೆಲಿವಿಷನ್ ಬಂದಿತ್ತು. ಒಂದು ದುಡಿಮೆಯನ್ನು ಇಳಿಸಿತು, ಇನ್ನೊಂದು ಕೂರುವುದಕ್ಕೆ ಕಾರಣ ಕೊಟ್ಟಿತು. ನೀರಿನ ಫ್ಲೋರೈಡಿನಿಂದ ನರಳುತ್ತಿದ್ದ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ 2013ರಲ್ಲಿ ಹೊಗೇನಕಲ್ ನೀರಿನ ಯೋಜನೆ ಬಂದದ್ದು ಮಹೋಪಕಾರ. ಕೊಡ ಹೊರುವ ಶ್ರಮವೂ ಎಷ್ಟೋ ಮನೆಗಳಲ್ಲಿ ತಪ್ಪಿತು. ಒರಳು ಮರಳಿ ಬರಲೆಂದು ಹಾರೈಸುವವರು ಗಂಡಸರೇ ಹೊರತು ರುಬ್ಬಿದವರಲ್ಲ. ಅಣ್ಣನ ಕಥೆಯೂ ಇದೇ. ಗುಂಡಿಮಗ್ಗದಲ್ಲಿ ಕಾಲಿಳಿಸಿ ಮಣೆ ತುಳಿದು, ಲಾಳಿ ಓಡಿಸಿ ಬಟ್ಟೆ ನೇಯುತ್ತಿದ್ದವರು ಈಗ ಎರಡು ಪವರ್‌ಲೂಮುಗಳ ನಡುವೆ ನಿಂತು ಕಡಿದ ಎಳೆಯನ್ನು ಕಟ್ಟುತ್ತಾರೆ. ಪಟ್ಟಿಯಲ್ಲಿ ಅವರು ಇಂದಿಗೂ ನೇಕಾರರು, ಮಧ್ಯಮ ಶ್ರಮಿಗಳು. ತಟ್ಟೆಯಲ್ಲಿ ಮುದ್ದೆಯ ಗಾತ್ರವೂ ಗುಂಡಿಮಗ್ಗದ ಕಾಲದ್ದೇ.

ಕೊನೆಗೆ ಅತ್ತಿಗೆಯೂ ನಾನೂ ಹೀಗೆ ಮಾಡಿದೆವು. ಒಂದು ವಾರ ಅವರ ದಿನವನ್ನು ಗಂಟೆಗಂಟೆಗೂ ಬರೆದೆವು: ನಿಂತದ್ದೆಷ್ಟು, ಬಗ್ಗಿದ್ದೆಷ್ಟು, ಟಿ.ವಿ. ಮುಂದೆ ಕುಳಿತದ್ದೆಷ್ಟು. ಕುಳಿತವರ ಸಾಲಿಗೂ ಮಧ್ಯಮರ ಸಾಲಿಗೂ ಸುಮಾರು ನಡುವೆ ಅವರ ಸ್ಥಾನ ಬಂತು. ಆ ಹಾಳೆಯನ್ನು ವೈದ್ಯರಿಗೆ ತೋರಿಸಿದಾಗ ಅವರು ಆಸಕ್ತಿಯಿಂದ ಓದಿ, ಗುಳಿಗೆಯನ್ನೂ ನೋಡಿಕೊಂಡು, ಊಟದ ಪ್ರಮಾಣವನ್ನು ತಿದ್ದಿಕೊಟ್ಟರು. ಅಡುಗೆ, ಪಾತ್ರೆ, ಕಸ, ಬಟ್ಟೆ ಎಲ್ಲವೂ ಆ ಪ್ರಮಾಣದೊಳಗೇ ಸೇರಿಹೋದವು. ಅವನ್ನು ಬಲಗಡೆ ಮತ್ತೆ ಬರೆಯುವಂತಿಲ್ಲ. ಆ ವಾರದಲ್ಲಿ ಇಲ್ಲದ್ದು, ಹೊಸದಾಗಿ ಕೂಡಿದ್ದು ಮಾತ್ರ ಅಲ್ಲಿಗೆ.

ಸಂಜೆ ಅವರು ಚೌಡೇಶ್ವರಿ ಗುಡಿಯಲ್ಲಿ ಹನ್ನೊಂದು ಪ್ರದಕ್ಷಿಣೆ ಹಾಕುವುದನ್ನು ಹೊಸದಾಗಿ ಆರಂಭಿಸಿದ್ದರು. ನಿಯಮದಂತೆ ಅದು ಬಲಗಡೆಗೆ ಸಲ್ಲುತ್ತದೆಂದು ನಾನು ಹೇಳಿದೆ. “ಅಮ್ಮನಿಗೆ ಅಂತ ಹಾಕಿದ್ದನ್ನ ನನ್ನ ಹೊಟ್ಟೆ ಲೆಕ್ಕಕ್ಕೆ ಬರೀಲೇನು?” ಎಂದು ಅವರು ಒಪ್ಪಲಿಲ್ಲ. ಗುಡಿಯಿಂದ ಬಂದ ಮೇಲೆ ಪೇಟೆಬೀದಿಯಲ್ಲಿ ಬೇರೆಯಾಗಿ ಅರ್ಧ ಗಂಟೆ ನಡೆಯುತ್ತಾರೆ, ಅದನ್ನು ಬರೆಯುತ್ತಾರೆ. ಕಳೆದ ತಿಂಗಳ ಚೀಟಿಯಲ್ಲಿ ಅದರ ಜೊತೆಗೆ ಇನ್ನೊಂದೇ ನಮೂದು ಇತ್ತು: ನಲ್ಲಿಯಲ್ಲಿ ನೀರು ಬಾರದ ಎರಡು ದಿನ, ಕೆಳಬೀದಿಯಿಂದ ಎಂಟೆಂಟು ಕೊಡ.